ಬೇರೆ ದಿನಗಳ ಎಣಿಕೆ

ಮಗಳ ತಾಯಿ ಕಾರ್ಡಿನ ಕೊನೆಯ ಪುಟದಲ್ಲಿ, ಚುಚ್ಚುಮದ್ದಿನ ತಾರೀಕುಗಳ ಕೆಳಗೆ ಒಂದಿಷ್ಟು ಬಿಳಿ ಜಾಗ ಉಳಿದಿತ್ತು. ಅಲ್ಲಿ ಪೆನ್ಸಿಲಿನಲ್ಲಿ ಮೂರು ಸಾಲು ಬರೆದಿಟ್ಟಿದ್ದೆ. 2023ಕ್ಕೆ 21. 2024ಕ್ಕೆ 19. 2025ಕ್ಕೆ 6. ಅಕಸ್ಮಾತ್ ಯಾರ ಕಣ್ಣಿಗಾದರೂ ಬಿದ್ದರೆ ಮಗುವಿಗೆ ಸಂಬಂಧಪಟ್ಟ ಯಾವುದೋ ಲೆಕ್ಕ ಎಂದುಕೊಳ್ಳಲಿ ಎಂಬ ಉಪಾಯ. ಪೂರ್ತಿ ಸುಳ್ಳೂ ಅಲ್ಲ. ಅವು ನಾನು ಬಿಟ್ಟ ರಂಜಾನ್ ರೋಜಾಗಳು, ಅಂದರೆ ಉಪವಾಸಗಳು. 46ರಲ್ಲಿ 40 ಅವಳ ಕಾಲದಲ್ಲೇ ಬಿಟ್ಟವು.

2023ರ ರಂಜಾನ್ ಮಾರ್ಚ್ ಕೊನೆಯಲ್ಲಿ ಶುರುವಾದಾಗ ನನಗೆ ಏಳು ತಿಂಗಳು. ಒಂಬತ್ತು ರೋಜಾ ಹಿಡಿದೆ. ಹತ್ತನೆಯ ದಿನ ಶಾಲೆಯ ಬೆಳಗಿನ ಪ್ರಾರ್ಥನೆಯಲ್ಲಿ, ನಾಡಗೀತೆ ಇನ್ನೂ ಮುಗಿದಿರಲಿಲ್ಲ, ಕಣ್ಣು ಕತ್ತಲೆ ಬಂದು ಮಕ್ಕಳ ಎದುರೇ ಕುಸಿದೆ. ರಕ್ತದೊತ್ತಡ ನೋಡಿದ ಡಾಕ್ಟರು "ಈ ವರ್ಷಕ್ಕೆ ಇಷ್ಟು ಸಾಕು" ಎಂದರು. ಮರುವರ್ಷ ಮಗಳು ಎದೆಹಾಲಿನ ಕೂಸು. ರೋಜಾ ಹಿಡಿದ ದಿನ ಸಂಜೆಯ ಹೊತ್ತಿಗೆ ಹಾಲು ಬತ್ತಿ ಅವಳು ರಚ್ಚೆ ಹಿಡಿಯುತ್ತಿದ್ದಳು. ಹತ್ತು ದಿನ ಹೇಗೋ ಎಳೆದು ಕೈಬಿಟ್ಟೆ. ಮೂರನೆಯ ವರ್ಷದ ಆರು, ಪ್ರತಿ ಹೆಂಗಸಿಗೂ ಇರುವ ಆರು.

ಇದನ್ನು ಯಾರೂ ಬರೆಯುವುದಿಲ್ಲವಾದ್ದರಿಂದ ನಾನೇ ಬರೆಯುತ್ತೇನೆ. ಮುಟ್ಟಿನ ದಿನಗಳಲ್ಲಿ ನಮಗೆ ನಮಾಜೂ ಇಲ್ಲ, ರೋಜಾವೂ ಇಲ್ಲ. ಆ ದಿನಗಳ ನಮಾಜನ್ನು ಮತ್ತೆ ಮಾಡಬೇಕಾಗಿಲ್ಲ, ರೋಜಾವನ್ನು ಮಾತ್ರ ಆಮೇಲೆ ತೀರಿಸಬೇಕು. ಪ್ರವಾದಿಯವರ ಕಾಲದಲ್ಲಿ ತಮಗೆ ಹಾಗೆಯೇ ಹೇಳಲಾಗಿತ್ತು ಎಂದು ಅವರ ಪತ್ನಿ ಹಜ್ರತ್ ಆಯಿಶಾ ಹೇಳಿದ ಹದೀಸ್ ಇದೆ. ಧರ್ಮ ಇಷ್ಟು ಸ್ಪಷ್ಟವಾಗಿ ಹೇಳಿದ ಮೇಲೂ ಮನೆಗಳಲ್ಲಿ ನಡೆಯುವುದು ಬೇರೆ. ಶಿರಸಿಯ ನನ್ನ ತವರಿನಲ್ಲಿ ಆ ದಿನಗಳಲ್ಲೂ ನಾನು ನಸುಕಿನ ಊಟವಾದ ಸಹರಿಗೆ ಏಳುತ್ತಿದ್ದೆ, ಸಂಜೆ ರೋಜಾ ಮುಗಿಸುವ ಇಫ್ತಾರಿಗೆ ಎಲ್ಲರ ಜೊತೆ ಕೂತು ಖರ್ಜೂರಕ್ಕೆ ಕೈ ಹಾಕುತ್ತಿದ್ದೆ. ಮಧ್ಯಾಹ್ನ ಉಗ್ರಾಣದ ಬಾಗಿಲು ಹಾಕಿಕೊಂಡು ಚಹಾದಲ್ಲಿ ಅದ್ದಿ ರಸ್ಕ್ ತಿನ್ನುತ್ತಿದ್ದೆ. ಅಣ್ಣಂದಿರು ಬಂದರೆ ಕೆಮ್ಮಲೆಂದು ಅಮ್ಮಿ ಹೊರಗೆ ಕೂತಿರುತ್ತಿದ್ದಳು. ರಸ್ಕ್ ಕಡಿಯುವ ಸದ್ದು ಕೇಳಬಾರದು ಎಂದೇ ಅದ್ದುವುದು.

ಕುರ್‌ಆನಿನ ಎರಡನೆಯ ಅಧ್ಯಾಯದಲ್ಲಿ ರೋಜಾದ ಮಾತು ಬರುವಲ್ಲಿ, ಕಾಯಿಲೆಯವರು ಮತ್ತು ಪ್ರಯಾಣದಲ್ಲಿರುವವರು ಬೇರೆ ದಿನಗಳಲ್ಲಿ ಎಣಿಕೆಯನ್ನು ತುಂಬಬೇಕು ಎಂದಿದೆ. ಹೀಗೆ ತುಂಬುವುದಕ್ಕೆ ಕಜಾ ಎನ್ನುತ್ತೇವೆ. ನನ್ನಂಥ ಸೋಮಾರಿಗೆ ಕಷ್ಟವಾದದ್ದು ಅಲ್ಲಿಯೇ: ಬೇರೆ ದಿನ ಯಾವಾಗಲೂ ಇರುತ್ತದೆ. ಮಗಳು ಹಾಲು ಬಿಟ್ಟದ್ದು 2024ರ ಅಕ್ಟೋಬರಿನಲ್ಲಿ. ಅಲ್ಲಿಂದ ಮುಂದಿನ ರಂಜಾನಿನವರೆಗೆ ನಾಲ್ಕೈದು ತಿಂಗಳು ಪುರುಸೊತ್ತಿತ್ತು. ನೆಂಟರು, ಪರೀಕ್ಷೆ, ಮದುವೆ, ನೆಗಡಿ. ಒಂದೂ ತೀರಲಿಲ್ಲ.

2025ರ ಮಳೆಗಾಲದಲ್ಲಿ ಹೊನ್ನಾವರದ ನಮ್ಮ ಕೇರಿಯ ಒಬ್ಬ ಹಿರಿಯಾಕೆ ತೀರಿಕೊಂಡರು. ಸತ್ತವರ ಆಸ್ತಿ ಹಂಚುವ ಮೊದಲು ಅವರ ಸಾಲ ತೀರಬೇಕು, ಉಳಿದುಹೋದ ರೋಜಾವೂ ಸಾಲವೇ. ಮಕ್ಕಳು ಅವರ ಪರವಾಗಿ ರೋಜಾ ಹಿಡಿಯಬಹುದು, ಇಲ್ಲವೇ ಒಂದೊಂದು ದಿನಕ್ಕೆ ಇಷ್ಟೆಂದು ಧಾನ್ಯ ಕೊಡಬಹುದು. ನಾವು ಹೆಂಗಸರು ಒಳಮನೆಯಲ್ಲಿ ಕೂತಿದ್ದಾಗ ಆಕೆಯ ಮೂವರು ಗಂಡುಮಕ್ಕಳು ಬಾಗಿಲಲ್ಲಿ ನಿಂತು, "ಅಮ್ಮನದು ಎಷ್ಟು ಬಾಕಿ ಇತ್ತು?" ಎಂದು ಕೇಳಿದರು. ಯಾರಿಗೂ ಗೊತ್ತಿರಲಿಲ್ಲ. ಏಳು ಹೆತ್ತ ಹೆಂಗಸು. ಒಬ್ಬ ಸೊಸೆ ನೂರು ಎಂದಳು, ಇನ್ನೊಬ್ಬಳು ಇನ್ನೂರಾದರೂ ಇದ್ದೀತು ಎಂದಳು. ಹಿರಿಯ ಮಗ, "ಅಮ್ಮ ಒಂದು ರೋಜಾ ಬಿಟ್ಟದ್ದನ್ನೂ ನಾನು ಕಂಡವನಲ್ಲ" ಎಂದು ಅತ್ತುಬಿಟ್ಟ. ಅವನು ಹೇಳಿದ್ದು ನಿಜ. ಅವನು ಕಾಣದ ಹಾಗೆಯೇ ಆಕೆ ಬದುಕು ಮುಗಿಸಿದ್ದರು.

ಮನೆಗೆ ಬಂದವಳೇ ತಾಯಿ ಕಾರ್ಡ್ ಹುಡುಕಿ ತೆಗೆದೆ.

ಮೊದಲು ವಿಧಿ ಕೇಳಬೇಕಿತ್ತು. ನಾನು ಹುಟ್ಟಿ ಬೆಳೆದದ್ದು ಘಟ್ಟದ ಮೇಲೆ, ಉರ್ದು ಮಾತಾಡುವ ಹನಫಿ ಮನೆಯಲ್ಲಿ. ಮದುವೆಯಾಗಿ ಬಂದದ್ದು ಘಟ್ಟದ ಕೆಳಗೆ, ಕೊಂಕಣಿ ಮಾತಾಡುವ ಶಾಫಿ ಮನೆಗೆ. ಹನಫಿ, ಶಾಫಿ ಎರಡೂ ಸುನ್ನಿಗಳ ಧರ್ಮವಿಧಿಯ ಪಂಥಗಳು. ಈ ಕರಾವಳಿಯ ಶಾಫಿ ಪದ್ಧತಿ ನಿನ್ನೆ ಮೊನ್ನೆಯದಲ್ಲ. ಹದಿನಾಲ್ಕನೆಯ ಶತಮಾನದಲ್ಲಿ ಹೊನ್ನಾವರಕ್ಕೆ ಬಂದ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ ಇಲ್ಲಿಯವರು ಶಾಫಿ ಪಂಥದವರೆಂದು ಬರೆದಿಟ್ಟಿದ್ದಾನೆ. ಊರಿನಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳನ್ನು ಕಂಡದ್ದಾಗಿಯೂ ಹೇಳಿದ್ದಾನೆ. ಹುಡುಗಿಯರ ಶಾಲೆಯ ಸಂಖ್ಯೆಯನ್ನು ನಾನು, ಶಾಲೆಯ ಅಕ್ಕೋರು ಎಂಬ ಕಾರಣಕ್ಕೆ, ಸಿಕ್ಕಸಿಕ್ಕಲ್ಲಿ ಹೇಳುತ್ತಿರುತ್ತೇನೆ.

ನಮ್ಮ ಕೇರಿಯಲ್ಲಿ ಹೆಣ್ಣುಮಕ್ಕಳಿಗೆ ದೀನಿನ ಪಾಠ ಹೇಳುವ ಒಬ್ಬ ಆಲಿಮಾ ಇದ್ದಾರೆ. ಎಲ್ಲರೂ ಆಪಾ ಎನ್ನುತ್ತೇವೆ, ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ನನ್ನ ಮೂರು ಸಾಲು ನೋಡಿ ಅವರು ಕೇಳಿದ ಮೊದಲ ಪ್ರಶ್ನೆ:

"ಮೊದಲ ವರ್ಷ ನೀವು ಹೆದರಿದ್ದು ಯಾರಿಗಾಗಿ? ನಿಮ್ಮ ಜೀವಕ್ಕೋ, ಮಗುವಿನ ಜೀವಕ್ಕೋ?"

ನನಗೆ ಪ್ರಶ್ನೆ ಅರ್ಥವಾಗಲಿಲ್ಲ. ಅವರು ವಿವರಿಸಿದರು. ಶಾಫಿ ವಿಧಿಯಲ್ಲಿ ಬಸುರಿಯೋ ಬಾಣಂತಿಯೋ ತನ್ನ ಆರೋಗ್ಯಕ್ಕೆ ಹೆದರಿ ಅಥವಾ ಇಬ್ಬರ ಸಲುವಾಗಿಯೂ ಹೆದರಿ ರೋಜಾ ಬಿಟ್ಟರೆ ಕಜಾ ಮಾತ್ರ ಸಾಕು. ಕೇವಲ ಮಗುವಿನ ಸಲುವಾಗಿ ಬಿಟ್ಟರೆ ಕಜಾದ ಜೊತೆಗೆ ದಿನಕ್ಕೊಂದು ಮುದ್ದ್ ಧಾನ್ಯದ ಫಿದ್ಯಾ ಬಡವರಿಗೆ ಸೇರಬೇಕು. ಮುದ್ದ್ ಎಂದರೆ ಒಬ್ಬ ಸಾಧಾರಣ ಮನುಷ್ಯನ ಎರಡು ಕೈ ಜೋಡಿಸಿದ ಬೊಗಸೆ ತುಂಬುವಷ್ಟು. ನಮ್ಮಲ್ಲಿ ಮುಕ್ಕಾಲು ಕಿಲೋ ಅಕ್ಕಿ ಎಂದು ಹಿಡಿಯುತ್ತಾರೆ.

ಏಳು ತಿಂಗಳ ಬಸುರಿಯ ಹೆದರಿಕೆಯನ್ನು ಹೀಗೆ ಎರಡು ತಟ್ಟೆಯಲ್ಲಿ ಹಾಕಿ ತೂಗಬಹುದು ಎಂದು ನನಗೆ ಯಾವತ್ತೂ ಹೊಳೆದಿರಲಿಲ್ಲ. ಕಣ್ಣು ಕತ್ತಲೆ ಬಂದು ಬೀಳುವಾಗ ನನ್ನ ಕೈ ಹೊಟ್ಟೆಯ ಮೇಲೆ ಹೋಗಿತ್ತು, ನಿಜ. ಆದರೆ ಬಿದ್ದವಳು ನಾನು, ಏಳಲಾಗದೆ ಅತ್ತವಳು ನಾನು. "ಇಬ್ಬರಿಗೂ" ಎಂದೆ. ಎರಡನೆಯ ವರ್ಷದ್ದಕ್ಕೆ ಯೋಚಿಸಬೇಕಾಗಲಿಲ್ಲ. ನಾನು ಗಟ್ಟಿಯಾಗಿಯೇ ಇದ್ದೆ, ಹಾಲಿನದ್ದೇ ಚಿಂತೆ. ಹಾಗಾಗಿ 19 ಮುದ್ದ್. ಅಷ್ಟಕ್ಕೇ ಮುಗಿಯಲಿಲ್ಲ. ಪುರುಸೊತ್ತಿದ್ದೂ ಮುಂದಿನ ರಂಜಾನ್ ದಾಟಿಸಿದವರು ತಡಮಾಡಿದ್ದಕ್ಕೂ ದಿನಕ್ಕೊಂದು ಮುದ್ದ್ ಕೊಡಬೇಕು. ಎರಡೂ ವರ್ಷದ ಸೇರಿ 40. ಒಟ್ಟು 59 ಮುದ್ದ್, ಅಂದರೆ 44 ಕಿಲೋ ಚಿಲ್ಲರೆ. ಹೆದರಿಕೆಗೆ 19, ಸೋಮಾರಿತನಕ್ಕೆ 40. ಲೆಕ್ಕ ನ್ಯಾಯವಾಗಿಯೇ ಇತ್ತು.

ಶಿರಸಿಗೆ ಫೋನ್ ಮಾಡಿದೆ. "ನಮ್ಮಲ್ಲಿ ಇದೆಲ್ಲ ಇಲ್ಲ, ರೋಜಾ ಹಿಡಿದರೆ ಆಯಿತು" ಎಂದಳು ಅಮ್ಮಿ. ಹನಫಿ ವಿಧಿಯಲ್ಲಿ ಅದು ಸರಿಯೇ: ಕಜಾ ಮಾತ್ರ, ಫಿದ್ಯಾ ಇಲ್ಲ. ನಾನು ಹುಟ್ಟಿದ ಪಂಥ ಬಿಟ್ಟಿಲ್ಲವಾದ್ದರಿಂದ 44 ಕಿಲೋ ಅಕ್ಕಿ ಉಳಿಸಿಕೊಳ್ಳುವ ಹಕ್ಕು ನನಗಿತ್ತು. ಅಬ್ಬಾ ಫೋನ್ ಇಸಿದುಕೊಂಡು, "ಹಕ್ಕಿದೆ ಮಗಳೇ. ಆದರೆ ನಿನ್ನ ಅತ್ತೆ ಎದುರಿಗೆ ಇರುತ್ತಾರೆ" ಎಂದರು. ಅಬ್ಬಾ ಅರಣ್ಯ ಇಲಾಖೆಯಲ್ಲಿ ಗುಮಾಸ್ತರಾಗಿದ್ದವರು, ಕಡತ ಯಾವ ಮೇಜಿಗೆ ಹೋಗುತ್ತದೆಂದು ಬಲ್ಲವರು.

ಅಕ್ಕಿ ಕೊಟ್ಟೆ. ಹಣವಾಗಿ ಕೊಟ್ಟುಬಿಡುತ್ತೇನೆ ಎಂದರೆ ಅತ್ತೆ ಒಪ್ಪಲಿಲ್ಲ. ಊರಿನ ಜನ ಏನು ಉಣ್ಣುತ್ತಾರೋ ಆ ಧಾನ್ಯವೇ ಆಗಬೇಕಂತೆ. ಹೊನ್ನಾವರದವರು ಏನು ಉಣ್ಣುತ್ತಾರೆ ಎಂಬುದಕ್ಕೂ ಇಬ್ನ್ ಬತೂತನೇ ಸಾಕ್ಷಿ: ಇಲ್ಲಿನ ಸುಲ್ತಾನನ ಬಳಿ ಹನ್ನೊಂದು ತಿಂಗಳು ರೊಟ್ಟಿಯ ಮುಖ ನೋಡದೆ ಅನ್ನ ತಿಂದುಕೊಂಡೇ ಇದ್ದನಂತೆ. 25 ಕಿಲೋದ ಎರಡು ಚೀಲ ಕುಚ್ಚಲಕ್ಕಿ ತರಿಸಿ ಪೇಟೆಯ ಅಂಚಿನ ಮೂರು ಮನೆಗಳಿಗೆ ಹಂಚಿಸಿದೆವು. ಮೇಲೆ ಉಳಿದ ಐದಾರು ಕಿಲೋವನ್ನೂ ಅತ್ತೆ ವಾಪಸು ತರಲು ಬಿಡಲಿಲ್ಲ.

ಸೆಪ್ಟೆಂಬರ್ 1, ಸೋಮವಾರ. ಸೋಮವಾರ ಮತ್ತು ಗುರುವಾರ ಎಂದು ನಿಶ್ಚಯಿಸಿದ್ದೆ. ಆ ಎರಡು ದಿನ ಪ್ರವಾದಿಯವರು ರೋಜಾ ಹಿಡಿಯುತ್ತಿದ್ದರು. ನಾಲ್ಕು ಗಂಟೆಗೆ ಅಲಾರಂ. ರಂಜಾನಿನಲ್ಲಾದರೆ ಆ ಹೊತ್ತಿಗೆ ಕೇರಿಯ ಎಲ್ಲ ಅಡುಗೆಮನೆಗಳಲ್ಲಿ ದೀಪ ಇರುತ್ತದೆ, ಒಬ್ಬರ ಮನೆಯ ಕುಕ್ಕರಿನ ಸೀಟಿ ಇನ್ನೊಬ್ಬರನ್ನು ಎಬ್ಬಿಸುತ್ತದೆ, ಮಸೀದಿಯಿಂದ ಆಗಾಗ ಎಚ್ಚರಿಸುತ್ತಿರುತ್ತಾರೆ. ಆ ದಿನ ಮಳೆಯ ಸದ್ದೊಂದೇ. ಕಿಟಕಿಯಿಂದ ನೋಡಿದರೆ ಇಡೀ ಕೇರಿ ಕತ್ತಲು. ನಾನು ಕಳ್ಳಿಯ ಹಾಗೆ ತಟ್ಟೆ ಸದ್ದಾಗದಂತೆ ಅನ್ನ, ಒಣ ಸಿಗಡಿಯ ಸೆಟ್ಲಿ ಚಟ್ನಿ ಉಂಡೆ. ಸೆಟ್ಲಿ ಚಟ್ನಿ ದೊಡ್ಡ ತಪ್ಪು. ಅದರ ಉಪ್ಪು ಹತ್ತು ಗಂಟೆಗೆ ಗಂಟಲಿಗೆ ಬಂತು, ಸಂಜೆಯವರೆಗೆ ಇಳಿಯಲಿಲ್ಲ. ಆಮೇಲೆ ಐದು ತಿಂಗಳು ಸಹರಿಗೆ ಗಂಜಿ, ಮೊಟ್ಟೆ, ಬಾಳೆಹಣ್ಣು, ಇಷ್ಟೇ.

ನನ್ನ ಶಾಲೆ ಗೇರುಸೊಪ್ಪೆ ರಸ್ತೆಯಲ್ಲಿದೆ, ಶರಾವತಿಯ ದಂಡೆಯ ಹಳ್ಳಿ. ಯಾರಿಗೂ ಹೇಳುವುದಿಲ್ಲ ಎಂದುಕೊಂಡಿದ್ದೆ. ರಂಜಾನಿನಲ್ಲಿ ಎಲ್ಲರಿಗೂ ಗೊತ್ತಿರುತ್ತದೆ, ಕೇಳುವವರಿಲ್ಲ. ಸೆಪ್ಟೆಂಬರಿನಲ್ಲಿ ಹೇಳಿದರೆ ಈಗೇಕೆ ಎನ್ನುತ್ತಾರೆ, ಹೆಡ್ ಮಾಸ್ತರಿಗೆ ಎದೆಹಾಲಿನಿಂದ ಶುರುಮಾಡಿ ವಿವರಿಸಬೇಕಾಗುತ್ತದೆ. ನನ್ನ ಗುಟ್ಟು ಮಧ್ಯಾಹ್ನ ಒಂದು ಗಂಟೆಯವರೆಗೆ ಉಳಿಯಿತು.

ಬಿಸಿಯೂಟವನ್ನು ಮಕ್ಕಳಿಗೆ ಬಡಿಸುವ ಮೊದಲು ಶಿಕ್ಷಕರೊಬ್ಬರು ರುಚಿ ನೋಡಿ ವಹಿಯಲ್ಲಿ ಸಹಿ ಮಾಡಬೇಕು. ಆ ವಾರ ನನ್ನ ಪಾಳಿ. ಅಡುಗೆಯ ಅಕ್ಕ ಬಟ್ಟಲಿನಲ್ಲಿ ಅನ್ನ ಸಾಂಬಾರು ತಂದಿಟ್ಟು ನಿಂತರು. ತಿನ್ನದೆ ಸಹಿ ಮಾಡಿದರೆ ಸುಳ್ಳು, ತಿಂದರೆ ರೋಜಾ ಹೋಯಿತು. ಅಡುಗೆ ಮಾಡುವವರು ಅಗತ್ಯವಿದ್ದರೆ ನಾಲಿಗೆಯ ತುದಿಗೆ ತಾಗಿಸಿ, ಏನನ್ನೂ ನುಂಗದೆ ಉಗುಳಿಬಿಟ್ಟರೆ ರೋಜಾ ಮುರಿಯುವುದಿಲ್ಲ ಎಂಬುದು ನೆನಪಾಯಿತು. ಬಟ್ಟಲು ಹಿಡಿದು ಹಿತ್ತಿಲಿಗೆ ಹೋಗಿ ಸಾಂಬಾರು ನಾಲಿಗೆಗೆ ತಾಗಿಸಿ ಉಗುಳಿ ಬಾಯಿ ಮುಕ್ಕಳಿಸಿದೆ. ಅಷ್ಟರಲ್ಲಿ ನುಗ್ಗೆ ಮರದ ಕೆಳಗೆ ಫೋನಿನಲ್ಲಿ ಮಾತಾಡುತ್ತಿದ್ದ ಹೆಡ್ ಮಾಸ್ತರು ಅದನ್ನು ನೋಡಿದರು.

"ನಿಲ್ಲಿಸಿ! ಬಡಿಸಬೇಡಿ!" ಎಂದು ಅವರು ಪಂಚೆ ಎತ್ತಿ ಕಟ್ಟಿಕೊಂಡು ಓಡಿದ್ದನ್ನು ನೆನೆದರೆ ನನಗೆ ಇವತ್ತೂ ನಗು ಬರುತ್ತದೆ. ತಟ್ಟೆ ಹಿಡಿದ 38 ಮಕ್ಕಳು ಸಾಲಿನಲ್ಲಿ. ಅಡುಗೆಯ ಅಕ್ಕ ಬೆವೆತು ಗೋಡೆ ಹಿಡಿದಿದ್ದಾರೆ. "ಹಲ್ಲಿ ಬಿದ್ದಿದೆಯೇ ಅಕ್ಕೋರೆ? ವಾಸನೆ ಬಂತೇ?" ಎಂದು ಮಾಸ್ತರು. ಎಲ್ಲರೆದುರು ಹೇಳಲೇಬೇಕಾಯಿತು: ಸಾಂಬಾರು ಚೆನ್ನಾಗಿದೆ, ನನಗೆ ಇವತ್ತು ರೋಜಾ, ರಂಜಾನಿನ ಬಾಕಿ.

ಮಾಸ್ತರು ಸುಧಾರಿಸಿಕೊಂಡು, "ಬಾಕಿಯೇ? ನಮ್ಮ ತುಟ್ಟಿಭತ್ಯೆಯ ಹಾಗೆ?" ಎಂದರು. "ಹೌದು ಸರ್, ಆದರೆ ಇದು ನಾವು ಕೊಡಬೇಕಾದದ್ದು" ಎಂದೆ. ಅಂದಿನಿಂದ ಸೋಮವಾರ ಗುರುವಾರದ ರುಚಿಯ ಸಹಿ ಅವರದೇ ಆಯಿತು. ಕಾರಣ ಯಾರೂ ಕೇಳಲಿಲ್ಲ. ಜೊತೆಯ ಶಿಕ್ಷಕಿ ಸಂಕಷ್ಟಿ ಮಾಡುವವರು, ಅವರು ಮಾತ್ರ ಬಳಿ ಬಂದು, "ನನಗೂ ಮುಟ್ಟಿನಿಂದ ತಪ್ಪಿದ ಸಂಕಷ್ಟಿಗಳಿವೆ. ನಮ್ಮಲ್ಲಿ ತಪ್ಪಿದ್ದು ತಪ್ಪಿದ ಹಾಗೆಯೇ" ಎಂದರು. ಅದು ಸಮಾಧಾನವೋ ಹೊಟ್ಟೆಕಿಚ್ಚೋ ನನಗೆ ತಿಳಿಯಲಿಲ್ಲ.

ಹಸಿವು ಒಂದು ವಿಷಯವೇ ಅಲ್ಲ, ಅದು ಹತ್ತೂವರೆಗೆ ಬಂದು ಎರಡಕ್ಕೆ ಹೋಗುತ್ತದೆ. ಬೇರೆ ಏನೋ ತಪ್ಪಿಹೋಗಿತ್ತು. ರಂಜಾನಿನಲ್ಲಿ ನಾಲ್ಕು ಗಂಟೆಯಾದರೆ ಕೇರಿಗೆ ಜೀವ ಬರುತ್ತದೆ. ಮನೆಯಿಂದ ಮನೆಗೆ ಮುಚ್ಚಿದ ತಟ್ಟೆಗಳು ಓಡಾಡುತ್ತವೆ, ಕರಿಯುವ ವಾಸನೆ, ಹುಡುಗರ ಗದ್ದಲ, ಕೊನೆಯ ಹತ್ತು ನಿಮಿಷದ ಆ ಮೌನ. ಇಲ್ಲಿ ಸಂಜೆ ಆರೂಮುಕ್ಕಾಲಿಗೆ ನಾನು ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ಮುಂದೆ ಎರಡು ಖರ್ಜೂರ ಒಂದು ಲೋಟ ನೀರು ಇಟ್ಟುಕೊಂಡು, ಗಡಿಯಾರ ನೋಡುತ್ತಿದ್ದೆ. ಪಕ್ಕದ ಕೋಣೆಯಲ್ಲಿ ಮಗಳ ಕಾರ್ಟೂನ್. ಮಗ್ರಿಬಿನ ಆಜಾನ್ ಆದಾಗ ಕೇರಿಯಲ್ಲಿ ಯಾರೂ ಏನೂ ಬಾಯಿಗಿಡಲಿಲ್ಲ, ನಾನೊಬ್ಬಳೇ. ಇಷ್ಟು ವರ್ಷ ರೋಜಾ ಹಿಡಿಯುತ್ತಿದ್ದೆ ಎಂದುಕೊಂಡಿದ್ದೆನಲ್ಲ, ಅದರಲ್ಲಿ ಎಷ್ಟನ್ನು ಕೇರಿಯೇ ಹಿಡಿದುಕೊಟ್ಟಿತ್ತು ಎಂಬ ಅನುಮಾನ ಆ ಸ್ಟೂಲಿನ ಮೇಲೆ ಮೊದಲ ಸಲ ಬಂತು.

ಸೆಪ್ಟೆಂಬರ್ 22ರಿಂದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಶುರುವಾಯಿತು. ನಾವು ಶಿಕ್ಷಕರೇ ಗಣತಿದಾರರು. ದಸರೆಯ ರಜೆಯಲ್ಲಿ ಮನೆಮನೆ ಸುತ್ತಿ 60 ಪ್ರಶ್ನೆ ಕೇಳಿ ಮೊಬೈಲಿಗೆ ತುಂಬುವ ಕೆಲಸ. ನನಗೆ ಸಿಕ್ಕಿದ್ದು ತೋಟದ ನಡುವಿನ ಬಿಡಿ ಬಿಡಿ ಮನೆಗಳು. ಒಂದರಿಂದ ಇನ್ನೊಂದಕ್ಕೆ ಅಡಿಕೆ ತೋಟ ಇಳಿದು, ಸಂಕ ದಾಟಿ, ಗುಡ್ಡ ಹತ್ತಬೇಕು. ಅದರಲ್ಲೂ ಗುರುವಾರ.

ನಮ್ಮ ಜಿಲ್ಲೆಯಲ್ಲಿ ಬಂದವರಿಗೆ ಮೊದಲು ನೀರು ಬೆಲ್ಲ, ಆಮೇಲೆ ಮಾತು. ಒಂದು ಮನೆಯ ಜಗುಲಿಯಲ್ಲಿ ಅಜ್ಜಿಯೊಬ್ಬರು ನೀರಿನ ಚೊಂಬು ಇಟ್ಟು, "ಆಸರಿಗೆ ಏನು ಮಾಡಲಿ?" ಎಂದರು. ಏನೂ ಬೇಡ, ಉಪವಾಸ ಎಂದೆ.

"ಉಪವಾಸಕ್ಕೆ ಹಾಲು ಆಗುತ್ತದಲ್ಲ?"

"ಇಲ್ಲ ಅಜ್ಜಿ."

"ಹಾಗಾದರೆ ಎಳನೀರು ತೆಗೆಸುತ್ತೇನೆ. ಅದು ಫಲಾಹಾರ."

"ನೀರೂ ಇಲ್ಲ ಅಜ್ಜಿ, ಸೂರ್ಯ ಮುಳುಗುವವರೆಗೆ."

ಅಜ್ಜಿ ನನ್ನ ತಲೆವಸ್ತ್ರವನ್ನೂ ಕೊರಳಿನ ಗುರುತಿನ ಚೀಟಿಯನ್ನೂ ನೋಡಿದರು. "ನಿಮ್ಮ ಹಬ್ಬ ಆಗಿ ಆರು ತಿಂಗಳಾಯಿತಲ್ಲ?" ಎಂದರು. ಗಂಡಸರು ತೋಟಕ್ಕೆ ಹೋಗಿದ್ದರು, ಜಗುಲಿಯಲ್ಲಿ ನಾವಿಬ್ಬರೇ. ಹೇಳಿದೆ, ಎಲ್ಲವನ್ನೂ, ಬಾಣಂತನದಿಂದ ಹಿಡಿದು. 60 ಪ್ರಶ್ನೆಗಳ ಪಟ್ಟಿ ಕೈಯಲ್ಲಿದ್ದವಳು ನಾನು, ಉತ್ತರ ಕೊಟ್ಟವಳೂ ನಾನೇ. ಕೇಳಿ ಮುಗಿಸಿ ಅಜ್ಜಿ ಚೊಂಬನ್ನು ಕಣ್ಣಿಗೆ ಬೀಳದಂತೆ ಒಳಗೆ ತೆಗೆದಿಟ್ಟರು. ಹೊರಡುವಾಗ ಒಂದು ಎಳನೀರನ್ನು ಒಡೆಯದೆ ಚೀಲಕ್ಕೆ ಹಾಕಿ, "ಮುಳುಗಿದ ಮೇಲೆ" ಎಂದರು. ಎರಡು ಕಿಲೋ ಭಾರ ಹೊತ್ತು ಇನ್ನೂ ನಾಲ್ಕು ಮನೆ ಮಾಡಿದೆ.

ಅಕ್ಟೋಬರಿನಲ್ಲಿ ಒಂದು ರೋಜಾ ಕಳೆದುಕೊಂಡೆ. ಹಿಂದಿನ ರಾತ್ರಿ ಮಗಳಿಗೆ ಜ್ವರವಿತ್ತು, ಅವಳನ್ನು ತೋಳಿನಲ್ಲಿ ಹಾಕಿಕೊಂಡವಳಿಗೆ ಹಾಗೆಯೇ ನಿದ್ದೆ ಹತ್ತಿತು. ಎಚ್ಚರವಾದಾಗ ಬೆಳಕು ಹರಿದಿತ್ತು. ಸಹರಿ ತಪ್ಪಿದರೇನು, ಏನೂ ತಿಂದಿಲ್ಲವಲ್ಲ ಎಂದು ರೋಜಾ ಮುಂದುವರಿಸಿ, ಖಾಲಿ ಹೊಟ್ಟೆಯಲ್ಲಿ ಸಂಜೆಯವರೆಗೆ ಎಳೆದೆ. ರಾತ್ರಿ ಆಪಾಗೆ ಹೆಮ್ಮೆಯಿಂದಲೇ ಹೇಳಿದೆ. "ನಿಯ್ಯತ್ ಯಾವಾಗ ಮಾಡಿದಿರಿ?" ಎಂದು ಕೇಳಿದರು. ಕಜಾ ರೋಜಾದ ಸಂಕಲ್ಪ ರಾತ್ರಿಯೇ, ಅರುಣೋದಯದ ಮೊದಲೇ ಆಗಿರಬೇಕು. ಬೆಳಗ್ಗೆ ಎದ್ದು ಮಾಡಿದ್ದು ನಫಿಲ್, ಅಂದರೆ ಐಚ್ಛಿಕ ರೋಜಾ, ಆದೀತು, ಪುಣ್ಯ ಬಂದೀತು, ಬಾಕಿಗೆ ಜಮೆಯಾಗದು. ನನಗೆ ಅಳುವೇ ಬಂತು. ಹನಫಿಯಲ್ಲಿ ಸಡಿಲವಿರಬಹುದೆಂದು ಆಸೆಯಿಂದ ಶಿರಸಿಗೆ ಫೋನ್ ಮಾಡಿದರೆ, ಎಲ್ಲದರಲ್ಲೂ ಬೇರೆಯಾಗಿರುವ ಎರಡು ಪಂಥಗಳು ಇದೊಂದರಲ್ಲಿ ಕೈಕೈ ಹಿಡಿದುಕೊಂಡಿದ್ದವು. ಆ ದಿನ ರಂಜಾನ್ ಆಗಿದ್ದರೆ ಹನಫಿಯವರು ಬೆಳಗ್ಗೆಯ ನಿಯ್ಯತ್ ಒಪ್ಪುತ್ತಿದ್ದರಂತೆ, ಕಜಾಕ್ಕೆ ಇಲ್ಲ. ಅಂದಿನಿಂದ ರಾತ್ರಿಯ ಇಷಾ ನಮಾಜ್ ಮುಗಿದ ಕೂಡಲೇ ನಿಯ್ಯತ್ ಮಾಡಿಕೊಂಡು, ಕ್ಯಾಲೆಂಡರಿನಲ್ಲಿ ಚುಕ್ಕೆ ಇಟ್ಟು ಮಲಗಿದೆ.

ನವೆಂಬರ್ ಮುಗಿದಾಗ ಚುಕ್ಕೆಗಳು 18. ತಿಂಗಳ ರಜೆ ಈ ಬಾಕಿಯ ನಡುವೆಯೂ ಬರುತ್ತದೆ. ಅದು ಬಂದ ವಾರ ಎರಡೂ ದಿನ ಕೈಬಿಟ್ಟ ಹಾಗೆ. ಉಳಿದದ್ದು 28, ರಂಜಾನಿಗೆ ಹನ್ನೊಂದು ವಾರ. ವಾರಕ್ಕೆರಡು ಸಾಲದು. ಡಿಸೆಂಬರಿನಲ್ಲಿ ಒಟ್ಟೊಟ್ಟಿಗೆ ಹಿಡಿಯತೊಡಗಿದೆ. ಚಳಿಗಾಲದ ಹಗಲು ಸೆಪ್ಟೆಂಬರಿಗಿಂತ ಒಂದು ಗಂಟೆ ಚಿಕ್ಕದು, ಐದೂವರೆಯವರೆಗೆ ಸಹರಿ ಮಾಡಬಹುದು, ಆರೂ ಹತ್ತಕ್ಕೆ ಸೂರ್ಯ ಸಮುದ್ರಕ್ಕೆ ಇಳಿದಿರುತ್ತಾನೆ, ಬಾಯಾರಿಕೆಯೂ ಇಲ್ಲ. ಆ ತಿಂಗಳು ಹದಿನಾಲ್ಕು ತೀರಿದವು.

ಅತ್ತೆ ನನ್ನೊಂದಿಗೆ ಏಳತೊಡಗಿದ್ದು ಆಗಲೇ. ಅವರಿಗೆ 68, ಇನ್ಸುಲಿನ್ ಚುಚ್ಚಿಕೊಳ್ಳುವವರು. ರೋಜಾ ಹಿಡಿಯಬಾರದೆಂದು ಡಾಕ್ಟರೂ ಹೇಳಿದ್ದಾರೆ, ಮೌಲವಿಗಳೂ ಹೇಳಿದ್ದಾರೆ. ಗುಣವಾಗದ ಕಾಯಿಲೆಯವರು ದಿನಕ್ಕೊಂದು ಮುದ್ದ್ ಅಕ್ಕಿ ಕೊಟ್ಟರೆ ಮುಗಿಯಿತು, ಕಜಾ ಇಲ್ಲ. ಅವರಿಗೆ ಮುಗಿದ ಹಾಗೆ ಕಾಣುವುದಿಲ್ಲ. ರಂಜಾನಿನಲ್ಲಿ ಎಲ್ಲರ ಜೊತೆ ಎದ್ದು ಎಲ್ಲರಿಗೆ ಬಡಿಸಿ, ತಾವು ಎಂಟು ಗಂಟೆಗೆ ಬಾಗಿಲು ಮುಚ್ಚಿಕೊಂಡು ಇಡ್ಲಿ ತಿನ್ನುತ್ತಾರೆ. ನನ್ನ ಶಿರಸಿಯ ಉಗ್ರಾಣ ನೆನಪಾಗುತ್ತದೆ.

ಒಂದು ಬೆಳಗಿನ ಜಾವ ಗಂಜಿಗೆ ತುಪ್ಪ ಹಾಕುತ್ತ ಅವರು ತಮ್ಮ ಲೆಕ್ಕ ಹೇಳಿದರು. ಐದು ಹೆರಿಗೆ, ಎರಡು ಗರ್ಭಪಾತ. ಅಕ್ಷರ ಬರುತ್ತಿರಲಿಲ್ಲ. ಅಡುಗೆಮನೆಯ ಅಟ್ಟದ ಮೇಲೆ ಎರಡು ಡಬ್ಬಿ ಇಟ್ಟಿದ್ದರಂತೆ. ಒಂದರಲ್ಲಿ ಬಾಕಿ ರೋಜಾಗಳಷ್ಟು ಹುಣಸೆ ಬೀಜ. ಒಂದು ತೀರಿದರೆ ಒಂದು ಬೀಜವನ್ನು ಇನ್ನೊಂದು ಡಬ್ಬಿಗೆ ಹಾಕುವುದು. ಹತ್ತು ಹನ್ನೆರಡು ಚಳಿಗಾಲ ಹೀಗೆ ನಡೆದು, ಮೊದಲ ಡಬ್ಬಿಯ ತಳ ಕಾಣುವ ಹೊತ್ತಿಗೆ, ಒಂದು ದಿನ ಪೇಟೆಯಿಂದ ಬಂದು ನೋಡಿದರೆ ಕಿರಿಮಗ ಎರಡೂ ಡಬ್ಬಿ ಇಳಿಸಿ, ಬೀಜಗಳನ್ನೆಲ್ಲ ಅಂಗಳದಲ್ಲಿ ಹರಡಿಕೊಂಡು ಪಕ್ಕದ ಮನೆಯ ಹುಡುಗರೊಡನೆ ಆಡುತ್ತಿದ್ದನಂತೆ. ಕಿರಿಮಗ ಎಂದರೆ ನನ್ನ ಗಂಡ.

"ಏನು ಮಾಡಿದಿರಿ?"

"ಏನು ಮಾಡುವುದು ಮಗಳೇ. ಎಷ್ಟು ತೀರಿದೆ ಎಂಬುದು ಖಚಿತವಿಲ್ಲದಿದ್ದರೆ ಖಚಿತವಾಗುವವರೆಗೆ ಹಿಡಿಯಬೇಕು. ಎಲ್ಲ ಬೀಜ ಆರಿಸಿ ಮತ್ತೆ ಒಂದೇ ಡಬ್ಬಿಗೆ ಹಾಕಿದೆ."

"ಅವರಿಗೆ ಬೈಯಲಿಲ್ಲವೇ?"

"ಬೈದರೆ ಅದು ಯಾವ ಬೀಜ ಎಂದು ಹೇಳಬೇಕಾಗುತ್ತಿತ್ತು."

ಕೊನೆಯ ಬೀಜ ದಾಟಿದಾಗ ಅವರಿಗೆ ಐವತ್ತು ತುಂಬಿತ್ತು. ದುಬೈಯಲ್ಲಿರುವ ನನ್ನವರಿಗೆ ಆ ರಾತ್ರಿ ಫೋನಿನಲ್ಲಿ ಹೇಳಿದೆ. ಬಹಳ ಹೊತ್ತು ಆ ಕಡೆಯಿಂದ ಮಾತಿರಲಿಲ್ಲ. ಆಮೇಲೆ, "ನಾನು ಗೆದ್ದಿದ್ದೆ ಆ ಆಟ" ಎಂದರು. ತಮ್ಮ ಬಾಕಿ ಒಂದೂ ಇಲ್ಲ ಎಂದು ಹೇಳಿಕೊಳ್ಳುತ್ತಿದ್ದವರು ಮತ್ತೆ ಆ ಮಾತೆತ್ತಿಲ್ಲ.

ಜನವರಿಯಲ್ಲಿ ಒಮ್ಮೆ ಶಿರಸಿಗೆ ಹೊರಟೆ. ದೇವಿಮನೆ ಘಟ್ಟದ ತಿರುವುಗಳಲ್ಲಿ ನನಗೆ ಯಾವಾಗಲೂ ಹೊಟ್ಟೆ ತೊಳಸುತ್ತದೆ. ತಾನಾಗಿ ಬಂದ ವಾಂತಿಯಿಂದ ರೋಜಾ ಮುರಿಯುವುದಿಲ್ಲ, ಬೇಕೆಂದು ಮಾಡಿಕೊಂಡರೆ ಮುರಿಯುತ್ತದೆ. ಬಸ್ಸಿನ ಕಿಟಕಿಗೆ ತಲೆ ಕೊಟ್ಟು, ನಿಂಬೆಹಣ್ಣು ಮೂಸುತ್ತ, ಬರುವುದಾದರೆ ತಾನಾಗಿ ಬರಲಿ ಎಂದು ಕಾಯುವುದು ಎಂಥ ಸ್ಥಿತಿ ಎಂದು ಅನುಭವಿಸಿದವರಿಗೇ ಗೊತ್ತು. ಬರಲಿಲ್ಲ. ಕಾಡಿನೊಳಗೆ ಸೂರ್ಯ ಕಾಣುವುದಿಲ್ಲ. ಕುಮಟೆಯ ಸಮಯವೋ ಶಿರಸಿಯ ಸಮಯವೋ ಎಂದು ತಲೆಕೆಡಿಸಿಕೊಂಡು, ಶಿರಸಿಗಿಂತ ಒಂದೆರಡು ನಿಮಿಷ ತಡವಾಗಿ ಮುಳುಗುವ ಕುಮಟೆಯದನ್ನೇ ಹಿಡಿದು, ಮೊಬೈಲಿನ ಬೆಳಕಿನಲ್ಲಿ ಖರ್ಜೂರ ತಿಂದೆ. ಪಕ್ಕದಲ್ಲಿ ಕೂತ ಹೆಂಗಸು ಮಲ್ಲಿಗೆ ದಂಡೆಯ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ನಿದ್ದೆ ಹೋಗಿದ್ದರು. ಆ 46ರಲ್ಲಿ ಇಫ್ತಾರಿನ ಹೊತ್ತಿಗೆ ಮನಸ್ಸು ತಿಳಿಯಾಗಿದ್ದ ದಿನ ಯಾವುದು ಎಂದರೆ ಇದನ್ನೇ ಹೇಳುತ್ತೇನೆ. ಏಕೆ ಎಂದು ಹೇಳಲಾರೆ.

ಫೆಬ್ರವರಿಗೆ ನಾಲ್ಕು ಉಳಿದಿದ್ದವು, ಅಷ್ಟರಲ್ಲಿ ರಂಜಾನಿನ ಹಿಂದಿನ ಶಾಬಾನ್ ತಿಂಗಳು ಅರ್ಧ ಕಳೆದಿತ್ತು. ಹಜ್ರತ್ ಆಯಿಶಾ ಕೂಡ ತಮ್ಮ ಬಾಕಿ ರೋಜಾಗಳನ್ನು ಶಾಬಾನಿನಲ್ಲಿಯೇ ತೀರಿಸಲು ಆಗುತ್ತಿತ್ತು ಎಂದಿದ್ದಾರೆ. ಆ ಮಾತನ್ನು ಆಪಾ ಮೊದಲೇ ಹೇಳಿದ್ದರೆ ನಾನು ಇನ್ನಷ್ಟು ತಡಮಾಡುತ್ತಿದ್ದೆ, ಅದಕ್ಕೇ ಹೇಳಲಿಲ್ಲವಂತೆ.

ಕೊನೆಯದು ಫೆಬ್ರವರಿ 12, ಗುರುವಾರ. ವಿಶೇಷವೇನೂ ನಡೆಯಲಿಲ್ಲ. ಮುರುಗಲ ಶರಬತ್ತು ಮಾಡಿದ್ದೆ. ಆಜಾನಿಗೆ ಇನ್ನೂ ಐದು ನಿಮಿಷವಿರುವಾಗಲೇ ಮಗಳು ಬಂದು ನನ್ನ ಮುಂದಿನ ಎರಡು ಖರ್ಜೂರದಲ್ಲಿ ಒಂದನ್ನು ತಿಂದು ಬೀಜವನ್ನು ನನ್ನ ಅಂಗೈಗೆ ಉಗುಳಿ ಹೋದಳು. ರಾತ್ರಿ ತಾಯಿ ಕಾರ್ಡ್ ತೆಗೆದು ಮೂರು ಸಾಲನ್ನೂ ರಬ್ಬರಿನಿಂದ ಅಳಿಸಲು ಹೋದೆ. ಅತ್ತೆ, "ಇರಲಿ, ಅವಳು ದೊಡ್ಡವಳಾದ ಮೇಲೆ ನೋಡಲಿ" ಎಂದರು. ಅಂಕಿಗಳ ಮೇಲೆ ಒಂದು ಗೀಟು ಮಾತ್ರ ಎಳೆದೆ.

ಮರುದಿನ ಶುಕ್ರವಾರ ರುಚಿ ನೋಡುವ ಪಾಳಿ ನನ್ನದು. ಅಡುಗೆಯ ಅಕ್ಕ ಬಟ್ಟಲು ಕೈಯಲ್ಲಿ ಹಿಡಿದುಕೊಂಡೇ ನಿಂತು, "ಇವತ್ತು ನುಂಗುತ್ತೀರೋ, ಉಗುಳುತ್ತೀರೋ ಅಕ್ಕೋರೆ? ಮೊದಲೇ ಹೇಳಿಬಿಡಿ, ನನಗೆ ಎದೆ ಹೊಡೆದುಕೊಳ್ಳುತ್ತದೆ" ಎಂದರು. ನುಂಗಿದೆ. ಸಾಂಬಾರಿಗೆ ಉಪ್ಪು ಕಡಿಮೆಯಾಗಿತ್ತು.